ಎರಡನೆಯ ಬೋರ್ಡು

“ಇವರೂ ಕಳ್ಳರೇ,” ಎಂದು ಅಪ್ಪ ಮದರ್‌ಬೋರ್ಡಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ. “ಹೋದದ್ದು ಹೋದ ಹಾಗೇ ವಾಪಸ್! ಪಿನ್ನು ಬಾಗಿದೆಯಂತೆ, ವಾರಂಟಿ ಕೊಡಲ್ವಂತೆ.”

ಮಗಳು ಪೆಟ್ಟಿಗೆ ಬಿಚ್ಚಿದಳು. ಡಿಗ್ರಿ ಮುಗಿಸಿ ಅಪ್ಪನ ಕಂಪ್ಯೂಟರ್ ಅಂಗಡಿಯಲ್ಲಿ ಬಂದು ಕೂತ ಮೇಲೆ ಕಂಪನಿಗಳಿಗೆ ದೂರು ಬರೆಯುವುದು ಅವಳ ಪಾಲು. ಬಿಚ್ಚುವುದು, ಕೂರಿಸುವುದು, ಯಾವ ಕಂಪನಿ ಒಳ್ಳೆಯದೆಂದು ತೀರ್ಪು ಕೊಡುವುದು ಅಪ್ಪನ ಪಾಲು. ಆ ತೀರ್ಪು ಕೇಳಲೆಂದೇ ಜನ ಬರುತ್ತಿದ್ದರು. “ಬೋರ್ಡು ಕೊಳ್ಳೋದು ಅಂದ್ರೆ ಸಂಬಂಧ ಬೆಳೆಸಿದ ಹಾಗೆ,” ಎನ್ನುತ್ತಿದ್ದ ಅಪ್ಪ. “ಗಂಡು ಲಕ್ಷಣವಾಗಿದ್ರೆ ಸಾಲದು. ನಾಳೆ ಏನಾದ್ರೂ ಆದಾಗ ಬೀಗರು ಫೋನ್ ಎತ್ತುತ್ತಾರಾ, ಅದು ಮುಖ್ಯ.”

ವರ್ಷಗಟ್ಟಲೆ ಹೊಗಳಿದ್ದ ಕಂಪನಿಯೊಂದನ್ನು ಹೋದ ತಿಂಗಳು ಇದೇ ಕಾರಣಕ್ಕೆ ಅವನು ಅಂಗಡಿಯಿಂದ ಓಡಿಸಿದ್ದ. ಅದರ ಜಾಗಕ್ಕೆ ಬಂದ ಇನ್ನೊಂದು ಕಂಪನಿಯ ಬೋರ್ಡು ಇದು. ಆ ಬೋರ್ಡು, ಈ ಬೋರ್ಡು, ಎರಡೂ ಹೊಸವು, ಎರಡೂ ಒಬ್ಬನೇ ಗಿರಾಕಿಗೆಂದು ಜೋಡಿಸಿದವು, ಎರಡೂ ಮೊದಲ ದಿನವೇ ಉಸಿರಾಡಲಿಲ್ಲ.

ಅವಳು ಭೂತಗನ್ನಡಿ ಹಿಡಿದಳು. ಪ್ರೊಸೆಸರ್ ಕೂರುವ ಚೌಕದ ಬಲಮೂಲೆಯಲ್ಲಿ ಕೂದಲೆಳೆಯಂಥ ಪಿನ್ನುಗಳು ಕಾಲಡಿ ಸಿಕ್ಕ ಹುಲ್ಲಿನಂತೆ ಒಂದೇ ಕಡೆಗೆ ಮಲಗಿದ್ದವು. ಹೋದ ತಿಂಗಳ ಬೋರ್ಡನ್ನೂ ಕಪಾಟಿನಿಂದ ತೆಗೆದು ನೋಡಿದಳು. ಅದೇ ಮೂಲೆ. ಕಂಪನಿ ಎರಡು, ಕೂರಿಸಿದ ಕೈ ಒಂದೇ. ಇತ್ತೀಚೆಗೆ ಅಪ್ಪ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದುದನ್ನು ಅವಳು ಚಳಿಗೆ ಎಂದುಕೊಂಡಿದ್ದಳು.

ಅಷ್ಟರಲ್ಲಿ ಗಿರಾಕಿಯೇ ಬಂದ, ಮದುವೆ ಫೋಟೋ ತೆಗೆಯುವವನು. “ಯಜಮಾನ್ರೇ, ಕಂಪ್ಯೂಟರಿಲ್ದೆ ಆಲ್ಬಮ್ಮೆಲ್ಲ ನಿಂತೋಗಿದೆ. ಆ ಮದುಮಕ್ಕಳಿಗೆ ಮಗು ಹುಟ್ಟೋದ್ರೊಳಗೆ ಕೊಡ್ತೀರಾ?”

“ಕಂಪನಿಯೋರು ಕೈ ಎತ್ತಿಬಿಟ್ರು. ಹೆಸರು ದೊಡ್ಡದು, ಬುದ್ಧಿ ಚಿಕ್ಕದು. ಬೇರೆ ಬ್ರ್ಯಾಂಡ್ ಹಾಕ್ತೀನಿ.”

“ಹೋದ ಸಲವೂ ಹೀಗೇ ಅಂದ್ರಿ. ಬೀದಿ ಕೊನೆ ಅಂಗಡಿಯೋನು ಇದೇ ಬೋರ್ಡು ದಿನಾ ಹಾಕ್ತಾನಂತೆ, ಒಂದೂ ಕೆಟ್ಟಿಲ್ವಂತೆ.” ಅವನು ಅವಳತ್ತ ತಿರುಗಿದ. “ಏನಮ್ಮಾ, ನೀನಾದ್ರೂ ಹೇಳು. ನಿಜವಾಗ್ಲೂ ಕಂಪನಿ ಸರಿಯಿಲ್ವಾ?”

ಅಪ್ಪ ಅವಳನ್ನು ನೋಡಿದ. ಅವನ ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಪಿನ್ನು ಬಾಗಿಸಿದ್ದು ತನ್ನ ಕೈಯೇ ಎಂದು ಅವನಿಗೆ ಗೊತ್ತಿದೆ ಎಂಬುದು ಅವಳಿಗೆ ಆಗ ಗೊತ್ತಾಯಿತು.

ಗಿರಾಕಿಗಳೆದುರು ತುಟಿ ಬಿಚ್ಚಲು ಹಿಂಜರಿಯುವವಳ ಬಾಯಿಂದ ಮಾತು ತಾನಾಗಿ ಉದುರಿತು. “ಕಂಪನಿ ಸರಿಯಾಗೇ ಇದೆ, ಅಂಕಲ್. ಕೂರಿಸಿದ್ದು ನಾನು. ಎರಡು ಸಲವೂ. ಅಪ್ಪನಿಗೆ ಹೇಳೋಕೆ ಹೆದರಿಕೆಯಾಯ್ತು.”

ಗಿರಾಕಿ ನಕ್ಕುಬಿಟ್ಟ. “ಅಷ್ಟೇನಾ! ಕಲಿಯೋರ ಕೈ ಹಾಗೇ ಬಿಡಮ್ಮ. ಆದ್ರೆ ಯಜಮಾನ್ರೇ, ಈ ಸಲ ನೀವೇ ಕೂರಿಸಿ. ನಿಮ್ಮ ಕೈ ಬಿದ್ರೆ ನಾನು ನಿಶ್ಚಿಂತೆ.”

ಅಪ್ಪ ಖಾಲಿ ಪೆಟ್ಟಿಗೆಯನ್ನು ಮೇಜಿನಿಂದ ಬದಿಗಿಟ್ಟ.

ಗಿರಾಕಿ ಹೋದ ಮೇಲೆ ಅಪ್ಪ ಕೇಳಿದ, “ಯಾಕೆ ಹಾಗಂದೆ?”

“ಇನ್ನೇನು ಅನ್ಬೇಕಿತ್ತಪ್ಪಾ?”

ಅಪ್ಪ ಕಪಾಟಿನಿಂದ ಹೊಸ ಬೋರ್ಡು ಇಳಿಸಿ ಅವಳ ಮುಂದಿಟ್ಟ. “ಮೂಲೆಯಲ್ಲಿ ಗುರುತಿದೆ, ನೋಡ್ಕೊ. ಒತ್ತಬೇಡ. ತಾನಾಗೇ ಕೂರಬೇಕು.”

ಅವಳು ಉಸಿರು ಬಿಗಿಹಿಡಿದು ಪ್ರೊಸೆಸರನ್ನು ಇಳಿಸಿದಳು. ಸದ್ದಿಲ್ಲದೆ ಕೂತಿತು. ತಲೆಯೆತ್ತಿದಾಗ ಅಪ್ಪ ತನ್ನ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಅವಳ ಬದಿಗೆ ಸರಿಸುತ್ತಿದ್ದ. ಒಂದು ಅವನ ಕೈಯಿಂದ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಕೇಳಿಸಲೇ ಇಲ್ಲವೆಂಬಂತೆ ಇಬ್ಬರೂ ಅದನ್ನು ಎತ್ತಲು ಬಗ್ಗಲಿಲ್ಲ.