ಹನ್ನೆರಡನೆಯ ಅಧ್ಯಾಯದ ಹಸು

ಮೌನವೇ ನಿಯಮವಾಗಿರುವ ಮಠಕ್ಕೆ ಮಿಮಿಕ್ರಿಯವನೊಬ್ಬನನ್ನು ಸೇರಿಸಿದರೆ ಏನಾಗುತ್ತದೆಂದು ನೋಡುವ ಕುತೂಹಲ ದೇವರಿಗಿತ್ತೋ ಏನೋ. ಇಲ್ಲದಿದ್ದರೆ, ಮೆಲ್ಬರ್ನಿನ ಕಾಲೇಜಿನಲ್ಲಿ ಪ್ರೊಫೆಸರುಗಳ ದನಿ ತೆಗೆದು ಕ್ಯಾಂಟೀನಿನಲ್ಲಿ ಪುಕ್ಕಟೆ ಚಹಾ ಕುಡಿಯುತ್ತಿದ್ದ ನನ್ನನ್ನು ಗಿಪ್ಸ್‌ಲ್ಯಾಂಡಿನ ಈ ಗುಡ್ಡಗಳ ನಡುವೆ ತಂದು, ಬ್ರದರ್ ಕ್ಯಾನಿಸ್ ಎಂದು ಹೆಸರಿಡಿಸಿ, ಮೂವತ್ತು ವರ್ಷ ಚೀಸ್ ಕೋಣೆಯಲ್ಲಿ ಯಾಕೆ ನಿಲ್ಲಿಸುತ್ತಿದ್ದ? ನಾನು ಬಂದ ಕಾಲಕ್ಕೆ ಇಲ್ಲಿ ಮಾತಿರಲಿಲ್ಲ, ಕೈಸನ್ನೆಯೊಂದೇ. ಬ್ರೆಡ್ಡಿಗೊಂದು ಸನ್ನೆ, ಬೆಣ್ಣೆಗೊಂದು ಸನ್ನೆ. ಒಂದು ಕೈಯ ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೆಚ್ಚಲು ಎಳೆದಂತೆ ಎಳೆದರೆ ಹಾಲು. ಎರಡೇ ತಿಂಗಳಲ್ಲಿ ನಾನು ಯಾರ ಸನ್ನೆಯನ್ನು ಯಾರು ಹೇಗೆ ಮಾಡುತ್ತಾರೆಂದು ಅಣಕಿಸಲೂ ಕಲಿತು, ಶಿಕ್ಷೆಯಾಗಿ ಒಂದು ಗೋಣಿ ಆಲೂಗಡ್ಡೆ ಸುಲಿದೆ. ಮುಂದೆ ಊಟದ ಹೊತ್ತು ಬಿಟ್ಟು ಉಳಿದಾಗ ಮಿತವಾಗಿ ಮಾತಾಡಬಹುದೆಂದು ಅಪ್ಪಣೆಯಾಯಿತು. ಮಿತ ಎಂಬುದು ನನ್ನ ಮಟ್ಟಿಗೆ ಮಿತ್ರನಾಗಲೇ ಇಲ್ಲ.

ನನ್ನ ವಿದ್ಯೆಯ ಗುಟ್ಟು ಸಣ್ಣದು. ನಾನು ಮಾತನ್ನು ನೆನಪಿಡುವುದಿಲ್ಲ, ದನಿಯನ್ನು ನೆನಪಿಡುತ್ತೇನೆ. ದನಿ ಸಿಕ್ಕಿದರೆ ಮಾತು ಅದರ ಬಾಲ ಹಿಡಿದು ಬರುತ್ತದೆ. ಪರೀಕ್ಷೆಯ ಹಿಂದಿನ ದಿನ ಗೆಳೆಯರು ನನ್ನನ್ನು ಮೇಜಿನ ಮೇಲೆ ಹತ್ತಿಸಿ ಇಡೀ ಪಾಠವನ್ನು ಪ್ರೊಫೆಸರರ ಕೆಮ್ಮಿನ ಸಮೇತ ಹೇಳಿಸುತ್ತಿದ್ದರು. ಅವರೆಲ್ಲ ಪಾಸಾದರು. ನಾನು ಕೆಮ್ಮನ್ನೂ ಉತ್ತರಪತ್ರಿಕೆಯಲ್ಲಿ ಬರೆಯಹೋಗಿ ಹಿಂದೆ ಬಿದ್ದೆ.

ನಮ್ಮ ಮಠದ ಹೆಸರನ್ನು ಹೊರಗಿನವರು ಕೇಳಿದ್ದರೆ ಅದು ಫಾದರ್ ಡೆಕ್ಲನ್ ಅವರಿಂದ. ಧ್ಯಾನದ ಬಗ್ಗೆ, ಏಕಾಂತದ ಬಗ್ಗೆ ಅವರು ಏಳು ಪುಸ್ತಕ ಬರೆದಿದ್ದರು. ಪರ್ತ್‌ನ ನರ್ಸ್, ಫಿಜಿಯ ಮೇಷ್ಟರು, ಜೈಲಿನಲ್ಲಿದ್ದವನೊಬ್ಬ, ಹೀಗೆ ಎಲ್ಲೆಲ್ಲಿಂದಲೋ ಅವರಿಗೆ ಕಾಗದ ಬರುತ್ತಿತ್ತು. ಎಲ್ಲರೂ ಒಂದೇ ಕೇಳುತ್ತಿದ್ದರು: ದಾರಿ ಹೇಳಿದಿರಿ, ಸರಿ, ನೀವು ಕಂಡದ್ದೇನು? ಎಂಬತ್ತಾರನೆಯ ವಯಸ್ಸಿನಲ್ಲಿ ಅವರು ಎಂಟನೆಯ ಪುಸ್ತಕ ಬರೆಯತೊಡಗಿದರು. ಹನ್ನೊಂದನೆಯ ಅಧ್ಯಾಯದ ಕೊನೆಯಲ್ಲಿ, "ನಾನು ಕಂಡದ್ದನ್ನು ಮುಂದಿನ ಅಧ್ಯಾಯದಲ್ಲಿ ಹೇಳುತ್ತೇನೆ" ಎಂದು ಬರೆದು ಪೆನ್ನು ಕೆಳಗಿಟ್ಟರು. ಆಮೇಲೆ ಎತ್ತಿಕೊಳ್ಳಹೋದರೆ ಪೆನ್ನು ಕಾಣಿಸಲಿಲ್ಲ. ಮೊದಲೇ ಮಂಜಾಗಿದ್ದ ಕಣ್ಣು ಪೂರ್ತಿ ಹೋಗಿತ್ತು. ಬರಹಕ್ಕೆ ಬರ ಬಂತು. ಅವರ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟ ಊರಿನ ಡಾಕ್ಟರು ಹೊರಗೆ ಬಂದು, ಚಳಿಗಾಲ ದಾಟುವುದು ಕಷ್ಟ ಎಂದರು. ಡೆಕ್ಲನ್ ಅವರಿಗೆ ಸಾವಿನ ಚಿಂತೆಯಿರಲಿಲ್ಲ. ಕೊಟ್ಟ ಮಾತು ಬಾಕಿ ಉಳಿಯಿತಲ್ಲ ಎಂಬುದೊಂದೇ ಚಿಂತೆ.

ಮಠಾಧ್ಯಕ್ಷ ಫಾದರ್ ಲಿಯೋಪೋಲ್ಡ್ ನನ್ನನ್ನು ಕರೆಸಿದರು.

"ಟೈಪಿಂಗ್ ಬರೋದು ನಿಂಗೊಬ್ಬನಿಗೇ. ಅದು ದೇವರ ಇಚ್ಛೆ ಅಂತ ನಾನಂತೂ ಹೇಳಲ್ಲ. ದಿನಾ ಊಟ ಆದ್ಮೇಲೆ ಒಂದು ಗಂಟೆ ಡೆಕ್ಲನ್ ಹತ್ರ ಕೂತ್ಕೊ, ಅವರು ಹೇಳಿದ್ದನ್ನ ಬರ್ಕೊ."

"ಆಗ್ಲಿ ಫಾದರ್."

"ಪುಸ್ತಕಕ್ಕೆ ಬೇಕಾದ್ದು ಮಾತ್ರ. ವಯಸ್ಸಾದವರು ಏನೇನೋ ಹೇಳ್ತಾರೆ. ಅದನ್ನೆಲ್ಲ ಬರೆದು ಹಾಳೆ ಹಾಳು ಮಾಡ್ಬೇಡ. ಮತ್ತೆ ಕ್ಯಾನಿಸ್, ಅವರ ದನಿ ತೆಗೆದು ಅಡಿಗೆಮನೇಲಿ ಆಟ ಕಟ್ಟಿದೆ ಅಂತ ಕಿವಿಗೆ ಬಿದ್ರೆ ಜೋಕೆ!"

ಮೊದಲ ದಿನ ಟೈಪ್‌ರೈಟರಿಗೆ ಹೊಸ ರಿಬ್ಬನ್ ಹಾಕಿ, ಬೆರಳು ನೀವಿಕೊಂಡು ಕೂತೆ. ಫಾದರ್ ಡೆಕ್ಲನ್ ಹೊದಿಕೆ ಸರಿಮಾಡಿಕೊಂಡು ಕಿಟಕಿಯ ಕಡೆ ಮುಖ ಮಾಡಿದರು. ಆಮೇಲೆ ಎಳೆದೆಳೆದು, ಪ್ರತಿ ವಾಕ್ಯದ ಕೊನೆಗೆ ಮೂಗಿನಲ್ಲೊಂದು ಉಸಿರು ಬಿಡುತ್ತ ಶುರುಮಾಡಿದರು.

"ಮಿಸೆಸ್ ಒಗ್ರೇಡಿ ಬಲಗಾಲಲ್ಲಿ ಒದೀತಿದ್ಲು ಕಣೋ."

ಟೈಪ್ ಮಾಡಲು ಎತ್ತಿದ ಬೆರಳು ಅಲ್ಲೇ ನಿಂತಿತು. ಮಿಸೆಸ್ ಒಗ್ರೇಡಿ ಎಂಬುದು ಹಸು. ಪುಸ್ತಕ ಬರೆಯುವ ಮೊದಲು ಹತ್ತೊಂಬತ್ತು ವರ್ಷ ಅವರು ಹಾಲು ಕರೆಯುವ ಕೆಲಸದಲ್ಲಿದ್ದರು. ಆ ಕಾಲದ ಜರ್ಸಿ ಅದು. ಅದರ ಮುಖ ನೆರೆಮನೆಯ ಹೆಂಗಸಿನಂತಿತ್ತೆಂದು ಅವರೇ ಆ ಹೆಸರಿಟ್ಟಿದ್ದರಂತೆ. ನಾನು ಮರ್ಯಾದೆಯಿಂದ ಕೇಳಿಸಿಕೊಂಡೆ. ಮರುದಿನವೂ ಹಸು. ಅದರ ಮರುದಿನ ಹಸುವಿನ ಬಾಲ. ಧ್ಯಾನದ ಬಗ್ಗೆ ಕೇಳಿದರೆ ದನದ ಬಗ್ಗೆ ಹೇಳುತ್ತಿದ್ದರು. ಅವಸರದಲ್ಲಿ ಕೂತರೆ ಅವಳು ಸೊರೆ ಬಿಡುತ್ತಿರಲಿಲ್ಲ, ಕೆಚ್ಚಲಲ್ಲಿ ಹಾಲಿದ್ದರೂ ತಡೆಹಿಡಿಯುತ್ತಿದ್ದಳು. ಪಕ್ಕೆಗೆ ಹಣೆಯಿಟ್ಟು ಜಪ ಮಾಡಿದರೆ ಒದೆಯುತ್ತಿದ್ದಳು. ಇಂಥವೇ.

"ಫಾದರ್, ಹನ್ನೆರಡನೇ ಅಧ್ಯಾಯ..." ಎಂದು ನಾನು ಗಂಟಲು ಸರಿಮಾಡಿಕೊಂಡರೆ, "ಅದೇ ಕಣೋ, ಅದಕ್ಕೇ ಬರ್ತಿದೀನಿ" ಎನ್ನುವರು. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯುವುದು.

ನಲವತ್ತು ದಿನ ಹೀಗೇ ಹೋಯಿತು. ಹಾಳೆ ಹಾಲಿನಷ್ಟು ಬಿಳಿ. ಮೇಲಿನಿಂದ ಲಿಯೋಪೋಲ್ಡರ ಒತ್ತಡ: "ಎಷ್ಟು ಪುಟ ಆಯ್ತು? ಮನುಷ್ಯ ದಿನದಿನಕ್ಕೆ ಇಳೀತಿದಾರೆ, ನೀನೇನ್ ಮಾಡ್ತಿದೀಯ ಅಲ್ಲಿ?" ನನಗೆ ಹೆದರಿಕೆಯಾಯಿತು. ಕೊಟ್ಟ ಮಾತು ಉಳಿಸದೆ ಅವರು ಹೋಗಿಬಿಟ್ಟರೆ? ಕಾಗದ ಬರೆದವರೆಲ್ಲ ಏನೆಂದುಕೊಂಡಾರು? ಇದು ನಾನು ನನಗೇ ಹೇಳಿಕೊಂಡ ಕಾರಣ. ಇನ್ನೊಂದು ಕಾರಣವೂ ಇತ್ತು: ನನಗೆ ಬರುತ್ತದೆ ಎಂಬುದು. ಅವರ ಏಳು ಪುಸ್ತಕಗಳ ದನಿ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಮೂರು ಮಧ್ಯಾಹ್ನ ಚೀಸ್ ಕೋಣೆಯ ಹಿಂದೆ ಕೂತು ನಾನೇ ಹನ್ನೆರಡನೆಯ ಅಧ್ಯಾಯ ಬರೆದೆ. "ಮೌನವೆಂಬುದು ಬಾಗಿಲಲ್ಲ, ಬಾಗಿಲಾಚೆಯ ಮನೆಯೂ ಅಲ್ಲ, ಅದು ತಟ್ಟುವ ಕೈಯೊಳಗಿನ ತಾಳ್ಮೆ." ಇಂಥವು ಹದಿನಾಲ್ಕು ಪುಟ. ಬೆರಳು ನಿಲ್ಲಲೇ ಇಲ್ಲ.

ಡೆಕ್ಲನ್ ಹೇಳಿ ಬರೆಸಿದ್ದೆಂದು ಕೊಟ್ಟೆ. ಲಿಯೋಪೋಲ್ಡ್ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಭಾನುವಾರ ಊಟದ ಹೊತ್ತಿಗೆ ಇದನ್ನೇ ಓದು. ಡೆಕ್ಲನ್‌ಗೆ ಸಂತೋಷ ಆಗುತ್ತೆ" ಎಂದರು.

ನಮ್ಮಲ್ಲಿ ಊಟ ಮಾಡುವಾಗ ಯಾರೂ ಮಾತಾಡುವುದಿಲ್ಲ. ಒಬ್ಬ ಎತ್ತರದ ಪೀಠದಲ್ಲಿ ನಿಂತು ಏನಾದರೂ ಓದುತ್ತಾನೆ. ಆ ಭಾನುವಾರ ಕುಂಬಳಕಾಯಿ ಸೂಪು, ಹಬ್ಬದ ದಿನವಾದ್ದರಿಂದ ಡಬ್ಬಿಯ ಪೀಚ್ ಹಣ್ಣು. ಡೆಕ್ಲನ್ ಅವರನ್ನು ಕೈಹಿಡಿದು ತಂದು ಕೂರಿಸಿದ್ದರು. ನಾನು ಓದಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ, ಬೇಡವೆಂದರೂ, ನನ್ನ ಗಂಟಲಿನಿಂದ ಅವರದೇ ದನಿ ಬರತೊಡಗಿತು, ಮೂಗಿನ ಉಸಿರಿನ ಸಮೇತ. ಚಮಚಗಳ ಸದ್ದು ನಿಂತಿತು. ಡೆಕ್ಲನ್ ತಲೆಯೆತ್ತಿದರು. ಕುರುಡು ಕಣ್ಣು ನೇರ ನನ್ನ ಕಡೆಗಿತ್ತು. ಆಮೇಲೆ ಎರಡೂ ಕೈ ಮೇಲೆತ್ತಿ, ಕಿರುಬೆರಳನ್ನು ಹಿಡಿದು ನಿಧಾನವಾಗಿ ಎಳೆದರು. ಮತ್ತೊಮ್ಮೆ ಎಳೆದರು.

ಅಡಿಗೆಯ ಬ್ರದರ್ ಅರ್ಬನ್ ಓಡಿಹೋಗಿ ಒಂದು ಲೋಟ ಹಾಲು ತಂದು ಅವರ ಮುಂದಿಟ್ಟ. ಅವರು ಅದನ್ನು ಮುಟ್ಟಲಿಲ್ಲ. ಅವರು ಕೇಳಿದ್ದು ಹಾಲನ್ನಲ್ಲ, ಹಸುವನ್ನು ಎಂದು ಆ ಇಡೀ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ಊಟ ಮುಗಿದ ಮೇಲೆ ಅವರ ಕೋಣೆಗೆ ಹೋದೆ.

"ಚೆನ್ನಾಗಿತ್ತು ಕಣೋ" ಎಂದರು. "ಮೂರು ಸಲ ನಾನೇ ಬರೆದಿದ್ದು ಅಂದ್ಕೊಂಡೆ. ಆ ಬಾಗಿಲಿನ ಮಾತು ಯಾರದು?"

"ನಂದೇ ಫಾದರ್."

"ನಾನೂ ಹಾಗೇ ಬರೀತಿದ್ದೆ. ಏನೂ ಕಾಣದೇ ಇದ್ದಾಗ ಅಂಥ ಮಾತು ತುಂಬ ಸಲೀಸಾಗಿ ಬರುತ್ತೆ." ಅವರು ನಕ್ಕರು. "ಇರ್ಲಿ. ಈಗ ನಾನು ಹೇಳಿದ್ದನ್ನ ಓದು, ಕೇಳೋಣ."

"ನೀವು ಹೇಳಿದ್ದು..."

"ಒಗ್ರೇಡಿದು. ನಲವತ್ತು ದಿನ ಹೇಳಿದ್ನಲ್ಲೋ."

ನಾನು ಏನೂ ಹೇಳಲಿಲ್ಲ. ಏನೂ ಹೇಳದಿರುವುದರಲ್ಲಿ ನಮ್ಮ ಮಠದವರು ಪಳಗಿದವರು. ಒಬ್ಬರ ಮೌನವನ್ನು ಇನ್ನೊಬ್ಬರು ಓದಬಲ್ಲರು.

"ಒಂದು ಸಾಲೂ ಬರ್ಕೊಂಡಿಲ್ವೇನೋ?"

"ಪೀಠಿಕೆ ಅಂದ್ಕೊಂಡೆ ಫಾದರ್. ಅಧ್ಯಾಯ ಆಮೇಲೆ ಬರುತ್ತೆ ಅಂತ ಕಾಯ್ತಿದ್ದೆ."

ಅವರ ಕೈ ಹೊದಿಕೆಯ ಮೇಲೆ ಏನನ್ನೋ ಹುಡುಕಿ ಸುಮ್ಮನಾಯಿತು. "ಇನ್ನೊಂದ್ಸಲ ಹೇಳೋಕೆ ನಂಗಾಗಲ್ಲ ಮಗಾ. ಅಷ್ಟು ಉಸಿರಿಲ್ಲ" ಎಂದು ಗೋಡೆಯ ಕಡೆ ತಿರುಗಿದರು.

ಲಿಯೋಪೋಲ್ಡರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರ ಮುಖ ಸೂಪಿನ ಬಣ್ಣಕ್ಕೆ ತಿರುಗಿತು.

"ನಾನು ಅತ್ತಿದ್ದೆ ಕಣಯ್ಯಾ! ನಿನ್ನ ಗೀಚಾಟಕ್ಕೆ ಅತ್ತಿದ್ದೆ! ಆ ಕಣ್ಣೀರನ್ನ ಈಗ ಎಲ್ಲಿಗೆ ವಾಪಸ್ ತಗೊಂಡು ಹೋಗ್ಲಿ?" ಹದಿನಾಲ್ಕು ಪುಟವನ್ನೂ ಒಲೆಗೆ ಹಾಕಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು, "ಹಸು ಕತೆ ಬರೀಬೇಡ ಅಂದಿದ್ದು ನಾನೇ ಅಲ್ವಾ" ಎಂದರು, ಬಹಳ ಮೆಲ್ಲಗೆ.

ಮರುದಿನ ಊಟವಾದ ಮೇಲೆ ಟೈಪ್‌ರೈಟರ್ ಹೊತ್ತುಕೊಂಡು ಮತ್ತೆ ಹೋದೆ. ಡೆಕ್ಲನ್ ಗೋಡೆಯ ಕಡೆಗೇ ಮುಖ ಮಾಡಿದ್ದರು. ಕುರ್ಚಿ ಎಳೆದು ಕೂತೆ. ಕಣ್ಣು ಮುಚ್ಚಿದೆ. ಮೊದಲು ಆ ಮೂಗಿನ ಉಸಿರನ್ನು ಹಿಡಿದೆ. ಅದರ ಹಿಂದೆಯೇ ಬಂತು:

"ಮಿಸೆಸ್ ಒಗ್ರೇಡಿ ಎಡಗಾಲಲ್ಲಿ ಒದೀತಿದ್ಲು ಕಣೋ."

ಆಮೇಲೆ ಗೋಡೆಯ ಕಡೆಯಿಂದ, ನನ್ನ ದನಿಗಿಂತ ಸಣ್ಣದಾಗಿ, ಅದೇ ದನಿ:

"ಬಲಗಾಲು."

"ಬಲಗಾಲು" ಎಂದೆ. ಬೇಕೆಂದೇ ತಪ್ಪು ಹೇಳಿದ್ದೆ. ಅವರು ನನ್ನ ಕಡೆ ತಿರುಗಿದರು.

ಒಂಬತ್ತು ಮಧ್ಯಾಹ್ನ ನಾವು ಹಾಗೆ ಕೂತೆವು. ನಾನು ಅವರಾಗಿ ಹೇಳುತ್ತಿದ್ದೆ, ಅವರು ಕೇಳುಗರಾಗಿ ಕೇಳುತ್ತಿದ್ದರು, ತಪ್ಪಿದಲ್ಲಿ ತಿದ್ದುತ್ತಿದ್ದರು, ಕೆಲವೊಮ್ಮೆ ತಮ್ಮ ಮಾತಿಗೆ ತಾವೇ "ಹೌದಾ?" ಎನ್ನುತ್ತಿದ್ದರು. ಜಪ ಬಿಟ್ಟು, ಹಾಲಿನ ಲೆಕ್ಕಾಚಾರ ಬಿಟ್ಟು, ಹಣೆಯನ್ನು ಅವಳ ಪಕ್ಕೆಗೆ ಸುಮ್ಮನೆ ಆನಿಸಿದ ದಿನ ಅವಳು ತಾನಾಗಿ ಸೊರೆ ಬಿಟ್ಟದ್ದನ್ನು ಬರೆದುಕೊಂಡೆ. ಯಂತ್ರ ಬಂದದ್ದನ್ನು ಬರೆದುಕೊಂಡೆ: "ಮಿಷನ್ ಬಂತು, ನನ್ನ ಕೈ ಖಾಲಿ ಆಯ್ತು. ಕೈ ಖಾಲಿ ಆಯ್ತು ಅಂತ ಪುಸ್ತಕ ಬರೆದೆ. ಮಿಷನ್ ಬರದೇ ಇದ್ದಿದ್ರೆ ನಂಗೆ ಅವಳು ಇನ್ನಷ್ಟು ಕಲಿಸ್ತಿದ್ಲು." ಕಡೆಗೆ ತಿದ್ದಿಸಿಕೊಳ್ಳುವುದು ಒಂದು ಉಳಿಯಿತು, ಮಂಜು ಕವಿದ ದಿನದ್ದು. "ಅದು ನಾಳೆಗಿರ್ಲಿ, ಚೆನ್ನಾಗಿದೆ ಅದು" ಎಂದರು. ಮರುದಿನ ಬೆಳಗಿನ ಪೂಜೆಯ ಹೊತ್ತಿಗೆ ಅವರಿರಲಿಲ್ಲ.

ನಮ್ಮಲ್ಲೊಬ್ಬ ತೀರಿಕೊಂಡರೆ ಮೂವತ್ತು ದಿನ ಊಟದ ಮೇಜಿನಲ್ಲಿ ಅವನ ಜಾಗದಲ್ಲಿ ಮರದ ಶಿಲುಬೆ ಇಡುತ್ತೇವೆ. ಅವನ ಪಾಲನ್ನು ಎಂದಿನಂತೆ ಬಡಿಸುತ್ತೇವೆ. ಆಮೇಲೆ ಅದು ಹಸಿದವರೊಬ್ಬರಿಗೆ ಹೋಗುತ್ತದೆ. ಆ ಮೂವತ್ತು ದಿನವೂ ಪೀಠದಲ್ಲಿ ನಾನೇ ನಿಲ್ಲಬೇಕೆಂದು ಲಿಯೋಪೋಲ್ಡ್ ಅಪ್ಪಣೆ ಮಾಡಿದರು. "ಅವರು ಹೇಳದೇ ಇದ್ದಿದ್ದನ್ನ ಅವರ ದನೀಲಿ ಹೇಳ್ದೆ. ಈಗ ಹೇಳಿದ್ದನ್ನ ಹೇಳು. ಇದೇ ನಿನ್ನ ಪ್ರಾಯಶ್ಚಿತ್ತ."

ದಿನಕ್ಕೊಂದಿಷ್ಟು ಹೇಳಿದೆ. ಒದೆತದ ದಿನ, ಊಟದಲ್ಲಿ ನಗಬಾರದೆಂಬ ನಿಯಮ ನಲವತ್ತು ವರ್ಷದಲ್ಲಿ ಮೊದಲ ಸಲ ಮುರಿಯಿತು. ಮೊದಲು ಮುರಿದವರು ಲಿಯೋಪೋಲ್ಡ್. ಸೊರೆ ಬಿಟ್ಟ ದಿನ ಯಾರೂ ಚಮಚ ಎತ್ತಲಿಲ್ಲ.

ಮೂವತ್ತನೆಯ ದಿನ ಮಂಜಿನದು. ಅದನ್ನು ತಿದ್ದಿಕೊಡಲು ಅವರಿರಲಿಲ್ಲ. ಶಿಲುಬೆಯ ಕಡೆ ನೋಡಿ, ಉಸಿರು ಹಿಡಿದು ಶುರುಮಾಡಿದೆ.

"ಆವತ್ತು ಮಂಜು ಅಂದ್ರೆ ನನ್ನ ಕೈ ನಂಗೆ ಕಾಣ್ತಿರ್ಲಿಲ್ಲ. ಒಗ್ರೇಡಿ ಕೊಟ್ಟಿಗೇಲಿಲ್ಲ. ಬಕೆಟ್ ಹಿಡ್ಕೊಂಡು ಹುಲ್ಲಿನ ನಡುವೆ ನಿಂತು ಕೂಗಿದೆ ಕಣೋ, ಗಂಟಲು ಕಟ್ಟೋವರೆಗೂ ಕೂಗಿದೆ. ಬೈದೆ. ಆಮೇಲೆ ಸಾಕಾಯ್ತು. ಬಕೆಟ್ ಕೆಳಗಿಟ್ಟು ಸುಮ್ನೆ ನಿಂತೆ. ಆಗ ಕತ್ತಿನ ಮೇಲೆ ಬಿಸಿ ಉಸಿರು ಬಂತು. ಮೆಲುಕು ಹಾಕೋ ಸದ್ದು. ಪಕ್ಕದಲ್ಲೇ ನಿಂತಿದ್ಲು. ನಾನು ಕೂಗ್ತಿದ್ದಾಗ್ಲೂ ಅಲ್ಲೇ ಇದ್ಲು."

ಆ ನಲವತ್ತು ದಿನಗಳಲ್ಲಿ ಅವರು ಇದನ್ನು ಹೇಳಿದ ದಿನ ಇಲ್ಲಿಗೆ ಪ್ರಾರ್ಥನೆಯ ಗಂಟೆ ಹೊಡೆದಿತ್ತು. ಈಗ ಗಂಟೆಯಿರಲಿಲ್ಲ. ಇಪ್ಪತ್ತಮೂರು ಮಂದಿ ನನ್ನ ಕಡೆ ಮುಖವೆತ್ತಿ ಕಾಯುತ್ತಿದ್ದರು. ನನ್ನ ನಾಲಗೆಯ ಮೇಲೆ ಒಂದು ವಾಕ್ಯ ಸಿದ್ಧವಾಗಿತ್ತು. ಕೂಗು, ಮೌನ, ಸಾಮೀಪ್ಯ ಎಲ್ಲವೂ ಸೇರಿದ, ತೂಗಿ ಇಟ್ಟಂಥ, ಬಹಳ ಚೆಂದದ ವಾಕ್ಯ. ಏಳು ಪುಸ್ತಕಗಳ ಡೆಕ್ಲನ್ ಬರೆಯಬಹುದಾಗಿದ್ದ ವಾಕ್ಯ. ಅದನ್ನು ಅವರದಲ್ಲವೆಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಅದನ್ನು ನುಂಗಿಕೊಂಡು ಪೀಠದಿಂದ ಇಳಿದೆ.

ಕೆಲವರು ಇನ್ನೂ ಕಾಯುತ್ತಿದ್ದರು. ಬ್ರದರ್ ಅರ್ಬನ್ ಮಾತ್ರ ಎದ್ದು ಅಡಿಗೆಮನೆಗೆ ಹೋಗಿ ಒಂದು ಲೋಟ ಹಾಲು ತಂದು, ಶಿಲುಬೆಯ ಮುಂದಿದ್ದ ತಟ್ಟೆಯ ಪಕ್ಕದಲ್ಲಿಟ್ಟ. ಊಟವಾದ ಮೇಲೆ ಅದನ್ನು, ಬಾಗಿಲಲ್ಲಿ ಕೂತಿದ್ದ ಮುದುಕನೊಬ್ಬ ಮೀಸೆ ಬೆಳ್ಳಗಾಗುವಂತೆ ಕುಡಿದು, "ಇನ್ನೊಂಚೂರು ಇದೆಯಾ?" ಎಂದು ಕೇಳಿದ.