ಎಂಟನೇ ಮೇನಿನ ಸಿಂಗಾಪುರ

“ಕಕ್ಕಸ್ಸಿಗೆ ಕುಂಬಳಕಾಯಿ ಹೊಡೀತೀರೇನೇ, ಲೌಡಿ ಮುಂಡೇರಾ! ಯಾವಳೇ ಹೇಳಿದ್ದು ಇಲ್ಲಿ ಪೂಜೆ ಮಾಡಿ ಅಂತ?”

ಮೇಸ್ತ್ರಿ ಕೆಂಪರಾಜು ಸ್ಕೂಟರಿನಿಂದ ಇಳಿಯುವ ಮೊದಲೇ ಅವನ ಬೈಗುಳ ಇಳಿದಿತ್ತು. ಕಸ ಗುಡಿಸುವ ನಾವು ಐದಾರು ಹೆಂಗಸರು ಕರ್ಪೂರದ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತೆವು. ಅವತ್ತು ಆಯುಧಪೂಜೆ. ಜಯನಗರದ ನಮ್ಮ ಎಂಟನೇ ಮೇನ್ ರಸ್ತೆಯ ಫುಟ್‌ಪಾತಿನ ಮೇಲೆ ಹೊಸ ಟಾಯ್ಲೆಟ್ಟು ಎದ್ದು ನಿಂತಿತ್ತು. ಸ್ಟೀಲಿನ ಗೋಡೆ, ಗಾಜಿನ ಸೂರು, ಸುತ್ತ ಮುಖ ಕಾಣುವಷ್ಟು ನುಣುಪಾದ ಬಿಳಿ ಗ್ರಾನೈಟು. ಅದರ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಅಕ್ಕಪಕ್ಕ ಬಾಳೆಕಂದು ನಿಲ್ಲಿಸಿ, ಬೂದುಗುಂಬಳಕ್ಕೆ ಕುಂಕುಮ ತುಂಬಿ ಆಗಷ್ಟೇ ಒಡೆದಿದ್ದೆವು. ಕೆಂಪು ನೀರು ಗ್ರಾನೈಟಿನ ಮೇಲೆ ಹರಿದು ಚರಂಡಿಯ ತನಕ ಹೋಗಿತ್ತು.

ತಪ್ಪು ನಮ್ಮದೇ ಅನ್ನಿ. ಪ್ರತಿವರ್ಷ ನಾವು ಪೊರಕೆಗೆ, ತಳ್ಳುಗಾಡಿಗೆ, ಕಸದ ಆಟೋಗೆ ಪೂಜೆ ಮಾಡುವವರು. ಈ ಟಾಯ್ಲೆಟ್ಟು ಏಳುವಾಗ ಎಂಜಿನಿಯರ್ ಶಶಿಧರ್ ಸಾಹೇಬರು ನಮ್ಮನ್ನೆಲ್ಲ ಅದರ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ್ದರು. “ಅಮ್ಮಾ, ಇದು ನಿಮಗೋಸ್ಕರಾನೇ ಕಟ್ಟಿರೋದು, ಇದು ನಿಮ್ದೇ” ಅಂದಿದ್ದರು. ಸಾಹೇಬರು ಫೋಟೋದವನಿಗೆ ಕೇಳಲಿ ಅಂತ ಅಂದ ಮಾತನ್ನು ನಾವು ನಮಗೇ ಅಂದದ್ದು ಅಂದುಕೊಂಡೆವು. ನಮ್ಮದು ಅಂದಮೇಲೆ ಆಯುಧಪೂಜೆಯ ದಿನ ಒಂದು ಕುಂಬಳಕಾಯಿ ಒಡೆಯದೆ ಬಿಡುವುದುಂಟೇ?

ಕೆಂಪರಾಜು ಫೋನ್ ಮಾಡಿದ. ಶಶಿಧರ್ ಸಾಹೇಬರು ಕಾರಿನಲ್ಲಿ ಬಂದರು. ಅವರು ಬೈಯುವ ಜಾತಿಯವರಲ್ಲ, ಬೇಜಾರು ಮಾಡಿಕೊಳ್ಳುವ ಜಾತಿಯವರು.

“ಏನಮ್ಮ ಇದು? ಇಂಪೋರ್ಟೆಡ್ ಪಾಲಿಶ್ ಕಣ್ರಮ್ಮ. ಮುಂದಿನ ತಿಂಗಳು ಸಿಂಗಾಪುರದಿಂದ ಡೆಲಿಗೇಷನ್ ಬರ್ತಿದೆ. ಇದನ್ನ ನೋಡಿದ್ರೆ ಇಲ್ಲಿ ಯಾರನ್ನೋ ಮರ್ಡರ್ ಮಾಡಿದಾರೆ ಅಂದ್ಕೋತಾರೆ ಅಷ್ಟೇ.”

“ನಮ್ದೇ ಅಂದಿದ್ರಲ್ಲ ಸಾರ್...” ನಮ್ಮಲ್ಲೇ ಹಿರಿಯಳಾದ ಮರಿಯಮ್ಮ ಮೆಲ್ಲಗೆ ಅಂದಳು.

“ನಿಮ್ದೇ ಅಮ್ಮ. ನಿಮ್ದೇ ಅಂತ ಹೇಳಿ ಮುಟ್ಟೋದಾ?”

ಹಬ್ಬದ ದಿನ ಹೊಸ ಸೀರೆಯಲ್ಲೇ ಕೂತು ಆ ಕಲೆ ಉಜ್ಜಿದೆವು. ಆಸಿಡ್ ಬಾಟಲಿ ಕೊಟ್ಟರು, ಗ್ಲೋವ್ಸ್ ಕೊಡಲಿಲ್ಲ. ಕಲ್ಲಿನ ಕೆಂಪು ಹೋಯಿತು, ನಮ್ಮ ಬೆರಳುಗಳಿಗೆ ಬಂತು. ತೋರಣ ಕಿತ್ತ ಕೆಂಪರಾಜು, ಉದ್ಘಾಟನೆ ಆಗುವವರೆಗೂ ಬಾಗಿಲು ಮುಟ್ಟಿದವಳ ಕೈ ಮುರೀತೀನಿ ಅಂತ ಹಬ್ಬದ ಶುಭಾಶಯ ಹೇಳಿ ಹೋದ.

ಒಂದು ಕಕ್ಕಸ್ಸಿಗೆ ಇಷ್ಟು ರಾದ್ಧಾಂತವೇ ಅಂತ ಓದುವವರಿಗೆ ಅನ್ನಿಸಬಹುದು. ನಿಮ್ಮ ಮನೆಯಲ್ಲಿ ರೂಮಿಗೊಂದು ಇರುತ್ತದೆ, ಅನ್ನಿಸಲಿ. ನಾವು ಕತ್ತಲಿರುವಾಗಲೇ ಎದ್ದು ಮನೆ ಬಿಡುತ್ತೇವೆ. ಮಧ್ಯಾಹ್ನ ಎರಡು ಗಂಟೆಯ ತನಕ ರಸ್ತೆಯಲ್ಲೇ. ಗಂಡಸರು ಗೋಡೆ ಕಂಡಲ್ಲಿ ನಿಲ್ಲುತ್ತಾರೆ. ನಾವು ಮೊದಲು ಮೂಲೆಯ ಖಾಲಿ ಸೈಟಿಗೆ ಹೋಗುತ್ತಿದ್ದೆವು, ಒಬ್ಬಳು ಹೋದರೆ ಇನ್ನೊಬ್ಬಳು ಸೆರಗು ಹರಡಿ ಮರೆ ನಿಲ್ಲುತ್ತಿದ್ದಳು. ಆ ಸೈಟಿನಲ್ಲಿ ಈಗ ಪಿಜಿ ಹಾಸ್ಟೆಲ್ಲು ಎದ್ದಿದೆ. ದರ್ಶಿನಿಯವನು ಗಿರಾಕಿಗಳಿಗೆ ಮಾತ್ರ ಅನ್ನುತ್ತಾನೆ. ಕಾಫಿ ಕುಡಿದು ಗಿರಾಕಿಯಾಗೋಣ ಅಂತ ಹೋದರೆ ಯೂನಿಫಾರ್ಮ್ ನೋಡಿ ಕಾಫಿಯನ್ನೇ ಆಚೆಗೆ ತಂದುಕೊಡುತ್ತಾನೆ. ಆದ್ದರಿಂದ ನಾವು ಬೆಳಗ್ಗೆ ನೀರು ಕುಡಿಯುವುದಿಲ್ಲ. ಬಿಸಿಲಿಗೆ ನಾಲಿಗೆ ಒಣಗಿ ಅಂಟಿಕೊಂಡರೂ ಇಲ್ಲ.

ಮರಿಯಮ್ಮನಿಗೆ ಮಾತ್ರ ಹಾಗೆ ತಡೆಯಲು ಆಗುವುದಿಲ್ಲ. ಸಕ್ಕರೆ ಕಾಯಿಲೆ. ಡಾಕ್ಟರು ನೀರು ಚೆನ್ನಾಗಿ ಕುಡಿಯಿರಿ ಅಂದಿದ್ದಾರೆ. ಅವಳು ಸೀರೆಯ ಒಳಗೆ ಹಳೇ ಪಂಚೆಯ ತುಂಡನ್ನು ಮಡಿಸಿ ಕಟ್ಟಿಕೊಂಡು ಬರುತ್ತಾಳೆ, ಮಧ್ಯಾಹ್ನದ ಹೊತ್ತಿಗೆ ಅವಳ ಪಕ್ಕ ನಿಂತರೆ ವಾಸನೆ ಬರುತ್ತದೆ. ಅದು ಅವಳಿಗೆ ಗೊತ್ತು, ಅದಕ್ಕೇ ಅವಳು ಬಸ್ಸಿನಲ್ಲಿ ಕೂರುವುದಿಲ್ಲ. ಜೀವನದಲ್ಲಿ ನನಗೆ ಹೊಟ್ಟೆ ಉರಿದದ್ದು ಬಹಳ ಸಲ, ಆದರೆ ಖಾಲಿ ಸೀಟಿನ ಪಕ್ಕ ಕಂಬಿ ಹಿಡಿದು ನಿಂತ ಮರಿಯಮ್ಮನನ್ನು ನೋಡಿದಾಗ ಉರಿದಷ್ಟು ಇನ್ಯಾವಾಗಲೂ ಉರಿದಿಲ್ಲ.

ಹಾಗಾಗಿ ಆ ಸ್ಟೀಲಿನ ಬಾಗಿಲು ತೆರೆಯುವ ದಿನಕ್ಕೆ ಅವಳು ಕಾದಂತೆ ಯಾವ ಡೆಲಿಗೇಷನ್ನೂ ಕಾದಿರಲಾರದು.

“ಈ ಸಿಂಗಾಪುರ ಎಲ್ಲೈತೆ? ಸುಬ್ರಹ್ಮಣ್ಯಪುರ ದಾಟ್ಕೊಂಡು ಹೋಗ್ಬೇಕಾ?” ಅಂತ ನಮ್ಮ ಓಬಳಮ್ಮ ಕೇಳಿದಳು.

“ಸಮುದ್ರ ದಾಟಬೇಕು ಕಣಕ್ಕ. ಅವ್ರು ಬಂದು ನಮ್ಮೂರು ಅವ್ರೂರಿನಂಗೆ ಆಯ್ತಾ ಇಲ್ವಾ ಅಂತ ನೋಡ್ತಾರಂತೆ” ಅಂದೆ. ಎಸ್ಸೆಸ್ಸೆಲ್ಸಿ ಫೇಲಾದವಳು ನಾನೊಬ್ಬಳೇ ಆದ್ದರಿಂದ ನಮ್ಮ ಗುಂಪಿನ ವಿದೇಶಾಂಗ ವ್ಯವಹಾರ ನನ್ನದು.

ಸಿಂಗಾಪುರವನ್ನು ಕಣ್ಣಾರೆ ಕಂಡಿದ್ದವರು ಎಂಟನೇ ಮೇನಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಶಿಲ್ಪಶ್ರೀ ಮೇಡಂ. ಟೂರ್ ಹೋಗಿ ಬಂದಾಗಿನಿಂದ ಅವರಿಗೆ ನಮ್ಮ ರಸ್ತೆಯಲ್ಲಿ ನಡೆಯುವುದೇ ಕಷ್ಟವಾಗಿತ್ತು. ಒಂದು ಬೆಳಗ್ಗೆ ಗೇಟಿನಲ್ಲಿ ನಿಂತು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು.

“ಬೆಂಗಳೂರಿಗೆ ಪೊಟೆನ್ಷಿಯಲ್ ಇದೇರೀ. ಹತ್ತು ವರ್ಷದಲ್ಲಿ ಸಿಂಗಾಪುರನ ಬೀಟ್ ಮಾಡ್ಬೋದು. ವೆದರ್ ಇದೆ, ದುಡ್ಡಿದೆ, ಬ್ರೇನ್ ಇದೆ. ಪ್ರಾಬ್ಲಮ್ ಒಂದೇ, ನಮ್ ಜನ.”

ಜನ ಅಂದಾಗ ಅವರ ಕಣ್ಣು ನಮ್ಮ ಮೇಲೆ ಬಿತ್ತು. ಮರಿಯಮ್ಮ ಪೊರಕೆ ಗೋಡೆಗೆ ಒರಗಿಸಿ ಸೆರಗು ಸರಿಮಾಡಿಕೊಂಡು ಕೇಳಿಯೇಬಿಟ್ಟಳು.

“ಅವ್ವ, ಅಲ್ಲಿ ಬೀದಿ ಗುಡಿಸೋ ಹೆಂಗಸ್ರು ಉಚ್ಚೆ ಹುಯ್ಯಕ್ಕೆ ಎಲ್ಲಿಗೋಯ್ತಾರೆ?”

“ಛೀ, ಬೆಳಿಗ್ಗೆ ಬೆಳಿಗ್ಗೆ ಏನಮ್ಮ ಇದು?” ಮೇಡಂ ಮೂಗು ಮುಚ್ಚಿಕೊಂಡರು, ಮಾತಿಗೂ ವಾಸನೆ ಇತ್ತೇನೋ. “ಅಲ್ಲೆಲ್ಲಾ ಮೆಷಿನ್ ಗುಡಿಸೋದು.”

“ಮೆಷಿನ್ನಿಗಾದ್ರೆ ಬರಾಕಿಲ್ಲ ಬುಡು” ಅಂತ ಮರಿಯಮ್ಮ ನನ್ನ ಕಡೆ ತಿರುಗಿ, ಪೊರಕೆ ಎತ್ತಿಕೊಂಡಳು.

ಡೆಲಿಗೇಷನ್ ಬರುವ ದಿನ ಬಂತು. ಹಿಂದಿನ ದಿನವೇ ಸೊಪ್ಪಿನ ಗಾಡಿಗಳನ್ನು ಓಡಿಸಿದ್ದರು, ನಾಯಿಗಳನ್ನು ವ್ಯಾನಿಗೆ ತುಂಬಿದ್ದರು, ಟ್ರಾನ್ಸ್‌ಫಾರ್ಮರಿಗೆ ಹಸಿರು ಬಟ್ಟೆ ಉಡಿಸಿದ್ದರು. ಮೇಲೆ ಬ್ಯಾನರು: ‘ಬೆಂಗಳೂರು, ನಾಳಿನ ಸಿಂಗಾಪುರ’. ನಮಗೆ ಹೊಸ ಕೋಟು, ಟೋಪಿ, ಬೂಟು, ಕೊನೆಗೂ ಗ್ಲೋವ್ಸು. ಸಂಜೆ ಎಲ್ಲ ವಾಪಸ್ ಕೊಡಬೇಕು ಅಂತ ಕೆಂಪರಾಜು ಎರಡೆರಡು ಸಲ ಹೇಳಿದ. ಬೆಳಗಿನ ಜಾವವೇ ಕರೆಸಿ ಸಾಲಾಗಿ ನಿಲ್ಲಿಸಿದರು. ದೊಡ್ಡವರ ಕಾರುಗಳು ಸಿಲ್ಕ್ ಬೋರ್ಡಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿವೆ ಅಂತ ಸುದ್ದಿ ಬಂತು. ಬಿಸಿಲು ಏರಿತು. ಯಾರೂ ಸಾಲು ಬಿಟ್ಟು ಕದಲುವಂತಿರಲಿಲ್ಲ. ನನ್ನ ಕಿಬ್ಬೊಟ್ಟೆ ಕಲ್ಲಾಗಿತ್ತು. ಓಬಳಮ್ಮ ಕಾಲಿಗೆ ಕಾಲು ಕತ್ತರಿ ಹಾಕಿಕೊಂಡು ನಿಂತಿದ್ದಳು.

“ಅಣ್ಣಾ, ಒಂದು ಚೂರು ಹೋಗ್ಬಂದ್ಬುಡ್ತೀನಿ” ಅಂತ ಮರಿಯಮ್ಮ ಕೆಂಪರಾಜುವನ್ನು ಬೇಡಿದಳು. ಅವನು ಅವಳ ಮಗನ ವಯಸ್ಸಿನವನು.

“ಎಲ್ಲಿಗೆ ಹೋಗ್ತೀಯ? ಮುಚ್ಕೊಂಡು ನಿಂತ್ಕೊ. ಈ ವಯಸ್ನಲ್ಲೂ ನಿಂಗೆ ಒಂದು ತಡಿಯಕ್ಕಾಗಲ್ವಾ?”

ಆಗಲೇ ಶಶಿಧರ್ ಸಾಹೇಬರು ಓಡಿಬಂದರು. ಕಾರುಗಳು ತಿರುವಿನಲ್ಲಿವೆ, ಒಳಗೆ ಕಮೋಡಿನ ಮೇಲೆ ಧೂಳು ಕೂತಿದೆ, ಯಾರಾದರೂ ಬೇಗ ಒಂದು ಕೈ ಒರೆಸಬೇಕು. ತಮ್ಮ ಫೋನನ್ನು ಬಾಗಿಲಿಗೆ ತೋರಿಸಿದರು. ಬಾಗಿಲು ತಾನಾಗಿ ಸರಿಯಿತು. ತುದಿಯಲ್ಲಿ ನಿಂತಿದ್ದ ಮರಿಯಮ್ಮನ ಕೈಗೆ ಕೆಂಪರಾಜು ಬಟ್ಟೆ ತುರುಕಿ ಒಳಗೆ ದೂಡಿದ.

ಅವಳು ಒರೆಸಿದಳೋ ಇಲ್ಲವೋ ನಾನು ಕಾಣೆ. ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿ, ಒಳಗೆ ಜನರಿದ್ದಾರೆ ಅಂತ ಒಂದು ಹೆಣ್ಣಿನ ದನಿ ಇಂಗ್ಲಿಷಿನಲ್ಲಿ ನಯವಾಗಿ ಹೇಳಿತು. ನಮ್ಮ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗಂತೂ ಕುಣಿಯುವಷ್ಟು ಖುಷಿಯಾಯಿತು. ಎಂಟನೇ ಮೇನಿನಲ್ಲಿ ನಮ್ಮ ಮರಿಯಮ್ಮ ಬಾಗಿಲು ಹಾಕಿಕೊಂಡು ಕೂತಿದ್ದಾಳೆ!

“ಏಯ್! ಆಚೆ ಬಾರೇ ಮುದುಕಿ!” ಕೆಂಪರಾಜು ಬಾಗಿಲು ಗುದ್ದಿದ.

“ತಡ್ಕಳಪ್ಪೋ, ಈಗ ಕುಂತಿವ್ನಿ” ಅಂತ ಒಳಗಿನಿಂದ ಬಂತು.

ಕಾರುಗಳು ಬಂದೇಬಿಟ್ಟವು. ಸಾಹೇಬರ ಮುಖ ಬಿಳಿಚಿತು. ವಿದೇಶದವರು ಇಳಿಯುವ ಹೊತ್ತಿಗೆ ಈ ಬಾಗಿಲಿನಿಂದ ಸೀರೆ ಎತ್ತಿ ಕಟ್ಟಿಕೊಂಡು ಮುದುಕಿ ಹೊರಬಂದರೆ! ಒಂದು ಕ್ಷಣ ಯೋಚಿಸಿ ಮೆಲ್ಲಗೆ ಅಂದರು, “ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡು. ಲಾಕ್ ಆಗುತ್ತೆ. ಇವರು ಹೋದ್ಮೇಲೆ ತೆಗೆದರಾಯ್ತು.”

ಕೆಂಪರಾಜು ಹಿಂದೆ ಹೋಗಿ ಸ್ವಿಚ್ಚು ಕೆಳಗೆ ಮಾಡಿದ. ಕೆಂಪು ದೀಪ ಆರಿತು. ಇಂಗ್ಲಿಷ್ ಹೆಂಗಸೂ ಸುಮ್ಮನಾದಳು. ಬಾಗಿಲಿಗೆ ಅಡ್ಡವಾಗಿ ರೇಷ್ಮೆ ರಿಬ್ಬನ್ನು ಕಟ್ಟಿದರು.

ಇಬ್ಬರು ಗಂಡಸರು, ಒಬ್ಬ ಹೆಂಗಸು, ಸಿಂಗಾಪುರದವರು ಇಷ್ಟೇ ಜನ. ಅವರಿಗಿಂತ ಅವರನ್ನು ಸುತ್ತುವರಿದವರೇ ಹೆಚ್ಚು. ಮೈಸೂರು ಪೇಟ ತೊಡಿಸಿದರು. ಶಿಲ್ಪಶ್ರೀ ಮೇಡಂ ಆರತಿ ಎತ್ತಿದರು. ಭಟ್ಟರು ಎಷ್ಟಾದರೂ ಇದು ಶೌಚದ ಜಾಗ ಅಂತ ರಸ್ತೆಯ ಆಚೆ ಬದಿಯಲ್ಲೇ ನಿಂತು ಅಲ್ಲಿಂದಲೇ ಮಂತ್ರ ಎಸೆದರು. ಆಮೇಲೆ ಸಾಹೇಬರೇ ಕುಂಕುಮ ತುಂಬಿದ ಬೂದುಗುಂಬಳವನ್ನು ಎತ್ತಿ ಅದೇ ಗ್ರಾನೈಟಿನ ಮೇಲೆ ಅಪ್ಪಳಿಸಿದರು. ಕೆಂಪು ನೀರು ಚರಂಡಿಯ ತನಕ ಹರಿಯಿತು. “ಟ್ರೆಡಿಷನ್” ಅಂತ ಮೇಡಂ ವಿವರಿಸಿದರು. ಸಿಂಗಾಪುರದವರು ಬಗ್ಗಿ ಬಗ್ಗಿ ಫೋಟೋ ತೆಗೆದುಕೊಂಡರು. ಅವತ್ತು ಯಾರಿಗೂ ಮರ್ಡರ್ ಅನ್ನಿಸಲಿಲ್ಲ.

ದಬ್ ದಬ್ ದಬ್.

ಬಾಗಿಲು ಒಳಗಿನಿಂದ ಬಡಿಯುತ್ತಿತ್ತು. “ಕತ್ಲಾಗೈತೆ ಕಣ್ರೋ! ಗಾಳಿ ಬರ್ತಿಲ್ಲ! ತೆಗೀರೋ!” ಆ ಗಾಜಿನ ಸೂರಿಗೂ ಅತಿಥಿಗಳಿಗೆ ನೆರಳಾಗಲಿ ಅಂತ ಶಾಮಿಯಾನ ಕಟ್ಟಿದ್ದರು.

ಸಾಹೇಬರು ಸ್ವಾಗತಕ್ಕೆ ಕರೆಸಿದ್ದ ನಾಗಸ್ವರದವರಿಗೆ ಕೈ ಮಾಡಿದರು. ಡೋಲಿನವನು ಮೈಮೇಲೆ ಬಂದವನಂತೆ ಬಾರಿಸಿದ. ಪೇಟ ತೊಟ್ಟಿದ್ದ ಸಿಂಗಾಪುರದ ಹೆಂಗಸು ಅದೇನು ಸದ್ದು ಅಂತ ಇಂಗ್ಲಿಷಿನಲ್ಲಿ ಕೇಳಿದಳು. “ಟೆಸ್ಟಿಂಗ್ ಮೇಡಂ, ಟೆಸ್ಟಿಂಗ್” ಅಂದರು ಸಾಹೇಬರು. ಅಷ್ಟರಲ್ಲಿ ಆಕೆ ನಮ್ಮ ಸಾಲಿನ ಹತ್ತಿರ ಬಂದು, ನನ್ನ ಮುಂದೆ ನಿಂತು, ಈ ಶೌಚಾಲಯ ನಿನಗೆ ಅನುಕೂಲವಾಗಿದೆಯೇ ಅಂತ ಕೇಳಿದಳು. ಶಿಲ್ಪಶ್ರೀ ಮೇಡಂ ಅದನ್ನು ಕನ್ನಡಕ್ಕೆ ಮಾಡಿ ನನಗೆ ಕಣ್ಣು ಬಿಟ್ಟರು. ನಾನು ಟೋಪಿ ತೆಗೆದೆ.

“ಒಳಗೆ ನಮ್ ಮರಿಯಮ್ಮ ಅವಳೆ ಮೇಡಂ. ಬೇಕಂತ್ಲೇ ಕೂಡಾಕವ್ರೆ. ಅವಳಿಗೆ ಶುಗರ್ ಐತೆ, ಸತ್ತೋಗ್ತಾಳೆ. ತೆಗೀರಿ ಅಂತ ಹೇಳಿ.”

ಶಿಲ್ಪಶ್ರೀ ಮೇಡಂ ನಗುತ್ತಲೇ ತರ್ಜುಮೆ ಮಾಡಿದರು. ಹ್ಯಾಪಿ ಅನ್ನುವ ಮಾತು ಕೇಳಿತು, ವೆಲ್‌ಕಮ್ ಅನ್ನುವ ಮಾತೂ ಕೇಳಿತು. ಸಿಂಗಾಪುರದ ಹೆಂಗಸು ಕಣ್ಣು ತುಂಬ ಖುಷಿ ತಂದುಕೊಂಡು ನನಗೆ ಕೈಮುಗಿದಳು.

ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಹದಿನಾಲ್ಕು ನಂಬರು ತೆಗೆದ ನನ್ನ ಬಾಯಿಗೆ ಒಂದು ಪದವೂ ಬರಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈಗುಳ, ಅದಕ್ಕೂ ತರ್ಜುಮೆ ಮಾಡಲು ಅದೇ ಮೇಡಂ ಇದ್ದರು. ಬಡಿತ ನಿಧಾನವಾಗುತ್ತಿತ್ತು. ದಬ್... ದಬ್... ಸಾಹೇಬರು ಅತಿಥಿಗಳ ಕೈಗೆ ಕತ್ತರಿ ಕೊಡದೆಯೇ, ಮೊದಲು ಸಭೆ ಮುಗಿಸೋಣ, ರಿಬ್ಬನ್ ಆಮೇಲೆ ಅಂತ ಕಾರುಗಳ ಕಡೆ ದಾರಿ ತೋರಿಸುತ್ತಿದ್ದರು. ಕಲ್ಯಾಣಮಂಟಪದ ಸಭೆ ಸಂಜೆಯ ತನಕ. ಬೆಂಗಳೂರು ಸಿಂಗಾಪುರವನ್ನು ಮೀರಿಸಬಲ್ಲದೇ ಅಂತ ಅಲ್ಲಿ ಚರ್ಚೆಯಿತ್ತು.

ನಾನು ಗ್ಲೋವ್ಸ್ ಕಳಚಿ ಎಸೆದೆ. ಸಾಲು ಬಿಟ್ಟು ಬಂದು, ಬಾಗಿಲಿನ ಮುಂದೆ, ಬಿಳಿ ಗ್ರಾನೈಟಿನ ನಟ್ಟನಡುವೆ, ಅವರೆಲ್ಲರ ಮುಖಕ್ಕೆ ಎದುರಾಗಿ, ಸೀರೆ ಎತ್ತಿ ಕೂತೆ.

“ಏಯ್ ರಮ್ಯಾ! ಏನ್ ಮಾಡ್ತಿದ್ದೀಯೇ? ಏಳೇ ಮೇಲೆ!” ಕೆಂಪರಾಜು ಕಿರುಚಿದ. ಹತ್ತಿರ ಬರಲು ಅವನಿಗೆ ಧೈರ್ಯವಾಗಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಕಾದು ಹೋಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೆಳಗಿನಿಂದ ತಡೆದದ್ದು ಯಾರ ಅಪ್ಪಣೆಗೂ ಕಾಯಲಿಲ್ಲ. ಮರೆ ಹಿಡಿಯಲು ಅಂತ ಸೆರಗು ಬಿಚ್ಚಿಕೊಂಡು ಓಡಿಬಂದ ಓಬಳಮ್ಮ ನನ್ನ ಮುಖ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಕ್ಕದಲ್ಲೇ ಕೂತಳು. ಅವಳ ಹಿಂದೆ ಉಳಿದವರೂ ಬಂದರು.

ಭಟ್ಟರು ಕಣ್ಣು ಮುಚ್ಚಿಕೊಂಡರು. ಗಂಡಸರು ಟ್ರಾನ್ಸ್‌ಫಾರ್ಮರಿನ ಕಡೆ ತಿರುಗಿದರು. ಸಾಹೇಬರ ಬೂಟಿನ ಹತ್ತಿರ ನೀರು ಬರುತ್ತಿದ್ದಂತೆ ಅವರು ಹಿಂದೆ ಹಿಂದೆ ಸರಿದರು. ಸಿಂಗಾಪುರದ ಹೆಂಗಸು ಬಾಯಿ ತೆರೆದು ಶಿಲ್ಪಶ್ರೀ ಮೇಡಂ ಕಡೆ ನೋಡಿದಳು. ಮೇಡಂ ಮತ್ತೆ ಮೂಗು ಮುಚ್ಚಿಕೊಂಡರು.

ನಾಗಸ್ವರದವನ ಉಸಿರು ನಿಂತಿತು, ಡೋಲೂ ನಿಂತಿತು. ಇಡೀ ಎಂಟನೇ ಮೇನು ಸುಮ್ಮನಾದಾಗ, ಆ ಸ್ಟೀಲಿನ ಒಳಗಿನಿಂದ ಮರಿಯಮ್ಮನ ಕೈ ಬಾಗಿಲನ್ನು ಬಡಿಯುವುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಕೇಳಿಸಿತು.