ಕಂಬಕ್ಕೆ ಬಳಿದ ಭಂಡಾರ

ಬಾದಾಮಿ ಕಡೆಯ ರೈಲು ಹಳಿಯ ಮೇಲೆ ದಿನಾ ನಡೆದು, ಸಡಿಲಾದ ಕೀಲಿಗೆ ಸುತ್ತಿಗೆ ಬಡಿಯುವುದು ಕೀಮ್ಯಾನ್ ಗುರಪ್ಪನ ಕೆಲಸ. ಹಳ್ಳದ ಸೇತುವೆ ಬಂದರೆ ಮಾತ್ರ ಸುತ್ತಿಗೆ ಕೆಳಗಿಡುತ್ತಿದ್ದ. ನಡುವಿನ ಕಲ್ಲುಕಂಬದಲ್ಲಿ ಕೂದಲೆಳೆಯಂಥ ಬಿರುಕಿತ್ತು. ಪ್ರತಿ ಐತವಾರ ಬೀರಪ್ಪ ದೇವರ ಭಂಡಾರದ ಅರಿಶಿನವನ್ನು ನೀರಲ್ಲಿ ಕಲಸಿ ಅದರ ಮೇಲೆ ಬಳಿದು, ಕೈಮುಗಿದು ಮುಂದೆ ಹೋಗುತ್ತಿದ್ದ. ಎರಡು ವರ್ಷದಿಂದ ಹೀಗೇ.

ಮೊದಮೊದಲು ಮೇಸ್ತ್ರಿ ಚಂದಪ್ಪನಿಗೆ ಮೂರು ಸಲ ಹೇಳಿದ್ದ, ಬಾಯಿಮಾತಿನಲ್ಲಿ. ಚಂದಪ್ಪ ಕೆಟ್ಟವನಲ್ಲ, ಮೇಲಿನವರ ಕಿವಿಗೆ ಹಾಕಿದ. ಮಳೆ ಮುಗಿಯಲಿ ಎಂದರು, ಮುಗಿಯಿತು. ಟೆಂಡರ್ ಆಗಲಿ ಎಂದರು. ಅಷ್ಟರಲ್ಲಿ ಬೋಗಿಗಳಿಗೆ ಹೊಸ ಬಣ್ಣ ಬಂತು. ಕಂಬಕ್ಕೆ ಬಂದಿದ್ದು ಗುರಪ್ಪನ ಭಂಡಾರ ಒಂದೇ. ಬರೆದುಕೊಟ್ಟರೆ ಗಾಡಿ ಅಲ್ಲಿ ತೆವಳಿಕೊಂಡು ದಾಟಬೇಕು, ದಿನಾ ತಡ, ತಡಕ್ಕೆಲ್ಲ ಚಂದಪ್ಪನೇ ಉತ್ತರ ಕೊಡಬೇಕು. ಹಾಗಾಗಿ ತಪಾಸಣೆ ಪುಸ್ತಕದಲ್ಲಿ ದಿನಾ ಒಂದೇ ಮಾತು: ಸರಿ ಇದೆ. ಕೆಳಗೆ ಗುರಪ್ಪನ ಸಹಿ.

ಈ ಸಲ ಬಳಿದ ಭಂಡಾರ ಮಂಗಳವಾರ ಬೆಳಿಗ್ಗೆ ನಡುವೆ ಸೀಳಿತ್ತು. ಒಣಗಿ ಸೀಳಿರಬೇಕೆಂದು ಮತ್ತೆ ಕಲಸಿ ಬಳಿದ. ತಲೆಯ ಮೇಲೆ ಗೂಡ್ಸ್ ಗಾಡಿ ದಾಟಿತು. ಹಸಿ ಹಳದಿಯ ನಡುವೆ, ಅವನ ಕಣ್ಣೆದುರೇ, ಕಪ್ಪು ಗೆರೆಯೊಂದು ಬಾಯಿ ತೆರೆದು ಮುಚ್ಚಿತು.

ಚಂದಪ್ಪನಿಗೆ ಫೋನ್ ಹಚ್ಚಿದ. "ಅಣ್ಣಾ, ಕಂಬ ಉಸಿರಾಡಾಕತ್ತೈತ್ರಿ."

"ನೂರು ವರ್ಷದ ಕಲ್ಲಲೇ ಅದು. ನಮ್ಮಿಬ್ಬರನ್ನೂ ಮಣ್ಣಿಗೆ ಕಳಿಸಿ ಆಮ್ಯಾಲ ಬೀಳತೈತಿ. ಪ್ಯಾಸೆಂಜರ್ ಬಿಟ್ಟಾರ. ಗಾಡಿ ನಿಂದರಿಸಿ ಏನೂ ಇಲ್ಲ ಅಂತಾದ್ರ, ನಿನ್ನ ನೌಕರಿ ಉಳಸಾಕ ನನ್ನ ಕೈಲಾಗಂಗಿಲ್ಲ."

ಆ ಗಾಡಿಯಲ್ಲಿ ಗುರಪ್ಪನ ಹೆಂಡತಿ ಮಹಾದೇವಿ ಮೊಸರು ಮಾರಲು ಬಾದಾಮಿಗೆ ಹೊರಟಿದ್ದಳು. ಅವಳು ಇರದಿದ್ದರೂ ಓಡುತ್ತಿದ್ದೆನೇ ಎಂಬುದು ಮುಂದೆ ಬಹಳ ದಿನ ಗುರಪ್ಪನನ್ನು ಕಾಡಿತು. ಆಗ ಮಾತ್ರ ಕೆಂಪು ಬಾವುಟ ಬಿಚ್ಚಿ, ಹಳಿಯ ನಡುವೆ ಗಾಡಿಗೆ ಎದುರಾಗಿ ಓಡಿದ.

ಗಾಡಿ ಸೇತುವೆಗಿಂತ ಹಿಂದೆಯೇ ನಿಂತಿತು. ಕಾಲೇಜು, ಕಚೇರಿಗೆ ಹೊರಟವರು ಕಿಟಕಿಯಿಂದ ಬೈದರು. ಮಹಾದೇವಿ ಗಡಿಗೆ ಹೊತ್ತೇ ಇಳಿದು ಬಂದಳು.

"ಮೊಸರು ಹುಳಿ ಆದ್ರ ಅಷ್ಟೂ ನೀವ ಕುಡೀಬೇಕ್ ನೋಡ್ರಿ," ಎನ್ನುತ್ತ ಅವನ ಹಿಂದೆ ಹಳ್ಳಕ್ಕಿಳಿದು ಕಂಬದ ಹತ್ತಿರ ಬಂದಳು. ಹಳದಿಯ ಒಣಪದರು ಕೆರೆದು ನೋಡಿದಳು. ಒಂದರ ಕೆಳಗೊಂದು ಎಷ್ಟೋ ಇದ್ದವು. "ಮನ್ಯಾಗಿನ ಭಂಡಾರ ಎಲ್ಲಿ ಹೋಗತೈತಿ ಅಂತಿದ್ದೆ. ದೇವರಿಗೆ ಹೇಳೀರಿ. ಗಾಡ್ಯಾಗ ಕುಂತಾಕಿಗೆ ಹೇಳಲಿಲ್ಲ."

ಗುರಪ್ಪ ಅಂಗೈಗೆ ಮೆತ್ತಿದ್ದ ಹಳದಿಯನ್ನು ಅಂಗಿಗೆ ಒರೆಸಿಕೊಂಡ.

ಚಂದಪ್ಪ ಬೈಕಿನಲ್ಲಿ ಸಿಟ್ಟಿನಿಂದಲೇ ಬಂದ. ಬಿರುಕಿಗೆ ಅಳತೆಪಟ್ಟಿ ತೂರಿಸಿದ. ಅದು ಗೇಣುದ್ದ ಒಳಗೆ ಹೋಯಿತು. ಅಲ್ಲೇ ಕಲ್ಲಿನ ಮೇಲೆ ಕುಳಿತು, ಬೆವರು ಒರೆಸಿಕೊಂಡು, ಪುಸ್ತಕ ಮುಂದೆ ಚಾಚಿದ. ಗುರಪ್ಪ ಬರೆದ: ಕಂಬದಲ್ಲಿ ಬಿರುಕು. ಎರಡು ವರ್ಷದಿಂದ ಇದೆ.

"ಇವತ್ತ ಕಂಡೈತಿ ಅಂತ ಬರಿ ಮಾರಾಯಾ. ಎರಡು ವರ್ಷ ಅಂದ್ರ ಇಬ್ರೂ ಸಿಕ್ಕಿ ಬೀಳತೇವಿ."

"ಸಿಕ್ಕಿ ಬೀಳೂಣ್ರಿ ಅಣ್ಣಾ. ಹಿಂದಿನ ಹಾಳಿ ತುಂಬ ನನ್ನ ಸಹಿನ ಐತಿ."

ಚಂದಪ್ಪ ಪುಸ್ತಕ ಕಸಿದುಕೊಂಡ. ಆ ಸಾಲನ್ನು ಇನ್ನೊಮ್ಮೆ ಓದಿದ. ಗಾಡಿಯಿಂದ ಇಳಿದ ಜನ ಒಬ್ಬೊಬ್ಬರಾಗಿ ಕಂಬದ ಸುತ್ತ ಬಂದು ನಿಲ್ಲುತ್ತಿದ್ದರು. ಈಗ ಯಾರೂ ಬೈಯುತ್ತಿರಲಿಲ್ಲ. ಅವನು ಪುಸ್ತಕ ಮರಳಿ ಗುರಪ್ಪನ ಕೈಗಿಟ್ಟ.

"ಚಂದಪ್ಪಗ ಮೂರು ಸಲ ಹೇಳಿದ್ದೆ ಅಂತನೂ ಬರಿ."